ಉಪ್ಪಿನ ಹರಳಿನ ಕಾಲುಭಾಗ

ಕೂಡ್ಲಿಗಿ ತಾಲೂಕಿನ ಹೊಸಹಳ್ಳಿ ಸುತ್ತಮುತ್ತ ಎರಡು ಹಲ್ಲಾದ ಹೋರಿಯನ್ನು ನೊಗಕ್ಕೆ ಹೂಡುವ ಮುಂಚೆ ಬೀಜ ಒಡೆಸುತ್ತಾರೆ. ಹಿಂದೆ ಕಾಲು ಕಟ್ಟಿ ಕೆಡವಿ, ಎರಡು ಕೋಲಿನ ನಡುವೆ ನರ ಸಿಕ್ಕಿಸಿ ಜಜ್ಜುತ್ತಿದ್ದರು. ಈಗ ಪಶು ಆಸ್ಪತ್ರೆಯಲ್ಲಿ ಬುರ್ಡಿಜೊ ಎಂಬ ಉದ್ದ ಹಿಡಿಯ ಕಬ್ಬಿಣದ ಇಕ್ಕಳ ಇರುತ್ತದೆ. ಚೀಲದ ಮೇಲ್ಭಾಗದಲ್ಲಿ ನರವನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿ, ಇಕ್ಕಳದ ಬಾಯಿಗೆ ಕೊಟ್ಟು, ಎರಡೂ ಹಿಡಿ ಒತ್ತಿದರೆ ಒಳಗೆ ಕರಕ್ ಅನ್ನುವ ಸದ್ದು. ಎಡಕ್ಕೊಮ್ಮೆ, ಬಲಕ್ಕೊಮ್ಮೆ. ಚರ್ಮ ಹರಿಯುವುದಿಲ್ಲ, ರಕ್ತ ಕಾಣುವುದಿಲ್ಲ. ಒಳಗಿನ ರಕ್ತನಾಳ ಮಾತ್ರ ನುಜ್ಜಾಗಿರುತ್ತದೆ. ಕೆಲವೇ ವಾರಗಳಲ್ಲಿ ಬೀಜ ಒಣಗಿ ಸಣ್ಣದಾಗುತ್ತದೆ, ಹಾರಾಟ ಇಳಿಯುತ್ತದೆ, ಮೈಗೆ ಕೊಬ್ಬು ಕೂರುತ್ತದೆ. ಹೋತಮರಿಗೂ ಅಷ್ಟೇ. ಬೀಜ ಒಡೆಸಿದ ಹೋತ ಮೈ ತುಂಬಿಕೊಳ್ಳುತ್ತದೆ, ಮೂಗಿಗೆ ಬಡಿಯುವ ಆ ವಾಸನೆಯೂ ಹೋಗುತ್ತದೆ.

ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಯಾವ ಕುರಿಗಾರನಿಗೂ, ಯಾವ ರೈತನಿಗೂ ಇದನ್ನು ಹೊಸದಾಗಿ ಹೇಳಬೇಕಿಲ್ಲ. ಬೀಜ ಹೋದರೆ ಕೊಬ್ಬು ಬರುತ್ತದೆ ಎಂಬುದು ಅವರಿಗೆ ಯಾವತ್ತೋ ಗೊತ್ತು. ಗೊತ್ತಿಲ್ಲದಿದ್ದದ್ದು, ಬೀಜದಿಂದ ರಕ್ತಕ್ಕೆ ಇಳಿಯುತ್ತಿದ್ದ ಆ ವಸ್ತು ಎಷ್ಟಿತ್ತು ಅನ್ನುವುದು. ಆ ಲೆಕ್ಕ ಸಿಕ್ಕಿ ಇನ್ನೂ ನೂರು ವರ್ಷ ತುಂಬಿಲ್ಲ.

1931ರಲ್ಲಿ ಜರ್ಮನಿಯ ಅಡೋಲ್ಫ್ ಬುಟೆನಾಂಟ್ 15,000 ಲೀಟರ್ ಗಂಡಸರ ಮೂತ್ರವನ್ನು ಸೋಸಿ, ಭಟ್ಟಿಯಿಳಿಸಿ ಒಂದು ಗಂಡು ಹಾರ್ಮೋನು ತೆಗೆದ. ಕೈಗೆ ಬಂದದ್ದು 15 ಮಿಲಿಗ್ರಾಂ. ಸಾವಿರ ಲೀಟರಿಗೆ ಒಂದು ಮಿಲಿಗ್ರಾಂ! ಅದೂ ಮೂಲ ಹಾರ್ಮೋನು ಅಲ್ಲ, ದೇಹ ಅದನ್ನು ಮುರಿದು ಹೊರಹಾಕಿದ ಚೂರು. ಮೂಲ ವಸ್ತು ಸಿಕ್ಕಿದ್ದು 1935ರಲ್ಲಿ, ಆಮ್‌ಸ್ಟರ್‌ಡ್ಯಾಮಿನ ಅರ್ನ್ಸ್ಟ್ ಲಾಕ್ವೂರ್ ತಂಡಕ್ಕೆ. ಅವರು 100 ಕಿಲೊ ಹೋರಿ ಬೀಜವನ್ನು ಅರೆದು 10 ಮಿಲಿಗ್ರಾಂ ಹರಳು ಪಡೆದರು, ಟೆಸ್ಟೊಸ್ಟೆರಾನ್ ಎಂದು ಹೆಸರಿಟ್ಟರು. ಒಂದು ಹೋರಿಯ ಜೋಡಿ ಬೀಜ ಅರ್ಧ ಕಿಲೊ ಎಂದು ಹಿಡಿದರೆ 200 ಹೋರಿ. ಆರೋಗ್ಯವಂತ ಗಂಡಸೊಬ್ಬನ ದೇಹ ದಿನಕ್ಕೆ ತಯಾರಿಸುವ ಟೆಸ್ಟೊಸ್ಟೆರಾನ್ ಸುಮಾರು 6 ಮಿಲಿಗ್ರಾಂ. ಅಂದರೆ 200 ಹೋರಿಯಿಂದ ಸಿಕ್ಕಿದ್ದು ಒಬ್ಬ ಮನುಷ್ಯನ ಎರಡು ದಿನದ ದುಡಿಮೆಗೂ ಕಡಿಮೆ. ಬೀಜ ಇದನ್ನು ಕೂಡಿಡುವುದಿಲ್ಲ, ಮಾಡಿದ್ದನ್ನು ಆಗಿಂದಾಗ್ಗೆ ರಕ್ತಕ್ಕೆ ಬಿಡುತ್ತದೆ. ಅರೆದವರಿಗೆ ಸಿಕ್ಕಿದ್ದು ಆ ಗಳಿಗೆಯಲ್ಲಿ ಒಳಗಿದ್ದಷ್ಟೇ.

ಇನ್ನು ರಕ್ತದ ಲೆಕ್ಕ. ಬೊಜ್ಜಿಲ್ಲದ 19ರಿಂದ 39 ವಯಸ್ಸಿನ ಗಂಡಸರಲ್ಲಿ ಟೆಸ್ಟೊಸ್ಟೆರಾನ್ ಒಂದು ಡೆಸಿಲೀಟರಿಗೆ 264ರಿಂದ 916 ನ್ಯಾನೊಗ್ರಾಂ ಇರಬೇಕೆಂದು 2017ರಲ್ಲಿ ಅಮೆರಿಕ, ಯುರೋಪಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ಹೇಳಿದರು. ನ್ಯಾನೊಗ್ರಾಂ ಅಂದರೆ ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು. ನಡುವಿನ 500 ಹಿಡಿಯೋಣ. ಕೆಂಪು ಕಣ ಬಿಟ್ಟು ಉಳಿದ ರಕ್ತದ್ರವ ಸುಮಾರು 3 ಲೀಟರ್. ಗುಣಿಸಿದರೆ ಇಡೀ ಮೈಯ ರಕ್ತದಲ್ಲಿ ಯಾವುದೇ ಗಳಿಗೆಯಲ್ಲಿ ಓಡಾಡುತ್ತಿರುವ ಟೆಸ್ಟೊಸ್ಟೆರಾನ್ 15 ಮೈಕ್ರೊಗ್ರಾಂ. ಮೇಜಿನ ಮೇಲಿಡುವ ಪುಡಿ ಉಪ್ಪಿನ ಒಂದು ಹರಳು 60 ಮೈಕ್ರೊಗ್ರಾಮಿನ ಆಸುಪಾಸು ತೂಗುತ್ತದೆ. ಅದರ ಕಾಲುಭಾಗ. ಗಡ್ಡ, ಗಡಸು ದನಿ, ತೋಳಿನ ಹುರಿ, ಮೀಸೆ ತಿರುವುವ ಗತ್ತು ಎಲ್ಲ ಇಷ್ಟರಲ್ಲಿ.

ಇಷ್ಟರಲ್ಲೂ ಕೆಲಸಕ್ಕೆ ಸಲೀಸಾಗಿ ಸಿಗುವುದು ನೂರಕ್ಕೆ ಎರಡು ಪಾಲು. ಮಿಕ್ಕದ್ದು ರಕ್ತದ ಪ್ರೋಟೀನುಗಳಿಗೆ ಅಂಟಿಕೊಂಡಿರುತ್ತದೆ. ಆ ಎರಡು ಪಾಲಿನ ಅಣುಗಳನ್ನು ಎಣಿಸಿದರೆ ಸುಮಾರು ಆರು ಕೋಟಿ ಕೋಟಿ. ದೊಡ್ಡ ಸಂಖ್ಯೆ ಅನ್ನಿಸುತ್ತದೆ. ಆದರೆ ಗಂಡಸಿನ ಮೈಯಲ್ಲಿ ಜೀವಕೋಶಗಳೇ 36 ಲಕ್ಷ ಕೋಟಿ ಇವೆ ಎಂಬ ಅಂದಾಜಿದೆ. ಹಂಚಿದರೆ ಒಂದು ಕೋಶಕ್ಕೆ ಹದಿನೇಳು ಅಣು. ಬೆಳಗಿನಿಂದ ಬೆಳಗಿನವರೆಗೆ ದೇಹ ಹೊಸದಾಗಿ ಸುರಿಯುವ 6 ಮಿಲಿಗ್ರಾಂ, ರಕ್ತದಲ್ಲಿ ಒಂದು ಹೊತ್ತಿಗೆ ಇರುವುದರ 400 ಪಟ್ಟು. ಯಕೃತ್ತು ಅಷ್ಟೇ ರಭಸದಲ್ಲಿ ಅದನ್ನು ಮುರಿದುಹಾಕುತ್ತಿರುತ್ತದೆ. ಐವತ್ತು ವರ್ಷ ನಿಲ್ಲದೆ ನಡೆದರೂ ಒಟ್ಟು ಉತ್ಪತ್ತಿ 110 ಗ್ರಾಂ ದಾಟುವುದಿಲ್ಲ.

ಈಗ ಎದುರು ಪಕ್ಷಕ್ಕೆ ಬರೋಣ. ತುಂಬಿದ ಒಂದು ಕೊಬ್ಬಿನ ಕೋಶ ಅರ್ಧ ಮೈಕ್ರೊಗ್ರಾಂ ತೂಗುತ್ತದೆ. ಮೈಯಲ್ಲಿ 15 ಕಿಲೊ ಕೊಬ್ಬು ಇರುವವನಲ್ಲಿ ಇಂಥವು 3,000 ಕೋಟಿ. ಇವು ಹುಟ್ಟಿ ಸಾಯುತ್ತವೆಯೇ, ಹುಟ್ಟಿದವೇ ಕೊನೆತನಕ ಇರುತ್ತವೆಯೇ ಎಂದು ತಿಳಿಯಲು ಸ್ವೀಡನ್ನಿನ ಕರ್ಸ್ಟಿ ಸ್ಪಾಲ್ಡಿಂಗ್ ಮತ್ತವರ ಸಂಗಡಿಗರು ಹಿಡಿದ ದಾರಿ ವಿಚಿತ್ರವಾದದ್ದು. ಬಯಲಲ್ಲಿ ಅಣುಬಾಂಬು ಸಿಡಿಸಿ ಪರೀಕ್ಷಿಸುವುದು 1963ರ ಒಪ್ಪಂದದ ತನಕ ಎಗ್ಗಿಲ್ಲದೆ ನಡೆಯಿತಷ್ಟೆ, ಅದರಿಂದ ಗಾಳಿಯಲ್ಲಿನ ಕಾರ್ಬನ್-14 ಹೆಚ್ಚುಕಡಿಮೆ ಇಮ್ಮಡಿಯಾಗಿ, ಆಮೇಲೆ ವರ್ಷ ವರ್ಷ ಇಳಿಯುತ್ತ ಬಂತು. ಕೋಶ ಹುಟ್ಟಿದ ವರ್ಷದ ಗಾಳಿ ಅದರ ಡಿಎನ್‌ಎಯಲ್ಲಿ ಗುರುತು ಬಿಟ್ಟಿರುತ್ತದೆ. ಅಳೆದು 2008ರಲ್ಲಿ ಪ್ರಕಟಿಸಿದ್ದು ಇದು: ವಯಸ್ಸಿಗೆ ಬಂದಮೇಲೆ ಕೊಬ್ಬಿನ ಕೋಶಗಳ ಸಂಖ್ಯೆ ಹೆಚ್ಚೇನೂ ಬದಲಾಗುವುದಿಲ್ಲ, ಆದರೆ ವರ್ಷಕ್ಕೆ ನೂರಕ್ಕೆ ಹತ್ತು ಸತ್ತು ಅಷ್ಟೇ ಹೊಸದು ಹುಟ್ಟುತ್ತವೆ. 3,000 ಕೋಟಿಯಲ್ಲಿ ಹತ್ತನೇ ಒಂದು ಪಾಲು ಅಂದರೆ ವರ್ಷಕ್ಕೆ 300 ಕೋಟಿ, ದಿನಕ್ಕೆ 80 ಲಕ್ಷ. ನೀವು ಹೊಟ್ಟೆ ಕರಗಿಸಲು ಬೆಳಿಗ್ಗೆ ಕೊಟ್ಟೂರು ರಸ್ತೆಯಲ್ಲಿ ಒಂದು ಗಂಟೆ ನಡೆದು ಮನೆಗೆ ಬರುವಷ್ಟರಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಹೊಸ ಕೋಶಗಳು ಕೆಲಸಕ್ಕೆ ಸೇರಿರುತ್ತವೆ.

ಕೊಬ್ಬು ಸುಮ್ಮನೆ ಬಿದ್ದಿರುವ ದಾಸ್ತಾನು ಎಂದೇ ಬಹಳ ಕಾಲ ವೈದ್ಯರೂ ನಂಬಿದ್ದರು. 1994ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ಆ ನಂಬಿಕೆ ಕೆಡವಿದರು. ಕೊಬ್ಬಿನ ಕೋಶ ಲೆಪ್ಟಿನ್ ಎಂಬ ಹಾರ್ಮೋನು ಸ್ರವಿಸಿ, ಉಗ್ರಾಣದಲ್ಲಿ ಎಷ್ಟಿದೆ ಎಂಬ ವರ್ತಮಾನವನ್ನು ಮಿದುಳಿಗೆ ಮುಟ್ಟಿಸುತ್ತದೆ. ವರ್ತಮಾನ ಬರದಿದ್ದರೆ ಮಿದುಳಿಗೆ ಬರಗಾಲದ ಭಯ. 1997ರಲ್ಲಿ ಇಂಗ್ಲೆಂಡಿನ ವೈದ್ಯರು ಹುಟ್ಟಿನಿಂದಲೇ ಲೆಪ್ಟಿನ್ ಇಲ್ಲದ ಇಬ್ಬರು ಮಕ್ಕಳನ್ನು ಗುರುತಿಸಿದರು, ಪಾಕಿಸ್ತಾನ ಮೂಲದ ಸೋದರ ಸಂಬಂಧಿಗಳು. ಎಂಟು ವರ್ಷದ ಹುಡುಗಿ 86 ಕಿಲೊ, ಎರಡು ವರ್ಷದ ಹುಡುಗ 29 ಕಿಲೊ. ಇದಕ್ಕೂ ಮುಂಚೆಯೇ, ದಪ್ಪಗಿರುವವರಿಗೆಲ್ಲ ಲೆಪ್ಟಿನ್ ಚುಚ್ಚಿಬಿಟ್ಟರಾಯಿತಲ್ಲ ಎಂದು ಅಮ್‌ಜೆನ್ ಕಂಪನಿ ಎರಡು ಕೋಟಿ ಡಾಲರ್ ಕೊಟ್ಟು ಹಕ್ಕು ಕೊಂಡಿತು. ಫಲಿಸಲಿಲ್ಲ. ಅಳೆದು ನೋಡಿದರೆ ಬೊಜ್ಜು ಇರುವವರಲ್ಲಿ ಲೆಪ್ಟಿನ್ ಕಡಿಮೆಯಿರಲಿಲ್ಲ, ಮಿಲಿಲೀಟರಿಗೆ ಸರಾಸರಿ 31 ನ್ಯಾನೊಗ್ರಾಂ ಇತ್ತು. ಸಾಮಾನ್ಯ ತೂಕದವರಲ್ಲಿ 7.5. ಕೂಗು ನಾಲ್ಕು ಪಟ್ಟು ಜೋರಾಗಿದೆ, ಕೇಳಬೇಕಾದ ಕಿವಿ ಮಂದವಾಗಿದೆ.

ಕೊಬ್ಬಿನ ಇನ್ನೊಂದು ಹಾರ್ಮೋನು ಅಡಿಪೊನೆಕ್ಟಿನ್. 1995-96ರಲ್ಲಿ ಅಮೆರಿಕ, ಜಪಾನುಗಳಲ್ಲಿ ಬೇರೆಬೇರೆ ತಂಡಗಳ ಕಣ್ಣಿಗೆ ಬಿತ್ತು. ಇದು ಇನ್ಸುಲಿನ್ ಕೆಲಸವನ್ನು ಸಲೀಸು ಮಾಡುವ, ಸಕ್ಕರೆ ಕಾಯಿಲೆಯಿಂದ ಕಾಯುವ ಜಾತಿಯದು. ಪ್ರಮಾಣದಲ್ಲಿ ಹಾರ್ಮೋನುಗಳ ನಡುವೆ ಇದೊಂದು ಸಾಹುಕಾರ: ಮಿಲಿಲೀಟರಿಗೆ ಐದರಿಂದ ಮೂವತ್ತು ಮೈಕ್ರೊಗ್ರಾಂ. ನ್ಯಾನೊ ಅಲ್ಲ, ಮೈಕ್ರೊ, ಸಾವಿರ ಪಟ್ಟು ಮೇಲಿನ ಮೆಟ್ಟಿಲು. ಮೈಯ ರಕ್ತದ್ರವದಲ್ಲಿ ಒಟ್ಟು 30 ಮಿಲಿಗ್ರಾಂ ಅಂದುಕೊಂಡರೆ ಟೆಸ್ಟೊಸ್ಟೆರಾನಿನ 2,000 ಪಟ್ಟು. ಇದರಲ್ಲಿನ ಸೋಜಿಗ ಏನೆಂದರೆ, ಮೈಯಲ್ಲಿ ಕೊಬ್ಬು ಹೆಚ್ಚಿದಷ್ಟೂ ಲೆಪ್ಟಿನ್ ಏರುತ್ತದೆ, ಅಡಿಪೊನೆಕ್ಟಿನ್ ಇಳಿಯುತ್ತದೆ.

ಉಪ್ಪಿನ ಹರಳಿನ ಕಾಲುಭಾಗ ಈ ಎರಡನ್ನೂ ಅಲ್ಲಾಡಿಸುತ್ತದೆ. ಹುಡುಗ ಹುಡುಗಿಯರಲ್ಲಿ ಲೆಪ್ಟಿನ್ ಮೊದಲು ಜೊತೆಜೊತೆಗೇ ಇರುತ್ತದೆ. ಮೀಸೆ ಚಿಗುರುವ ವಯಸ್ಸಿಗೆ ಹುಡುಗರಲ್ಲಿ ಟೆಸ್ಟೊಸ್ಟೆರಾನ್ ಏರಿದಂತೆ ಲೆಪ್ಟಿನ್ ಕುಸಿಯುತ್ತದೆ, ಹೆಂಗಸರಲ್ಲಿ ಗಂಡಸರಿಗಿಂತ ಎರಡು ಮೂರು ಪಟ್ಟು ನಿಲ್ಲುತ್ತದೆ. ಅದೇ ವಯಸ್ಸಿನಲ್ಲಿ ಹುಡುಗರ ಅಡಿಪೊನೆಕ್ಟಿನ್ ಕೂಡ ತಗ್ಗುತ್ತದೆ. 2002ರಲ್ಲಿ ಜಪಾನಿನವರು ಗಂಡು ಇಲಿಗಳ ಬೀಜ ತೆಗೆದು ನೋಡಿದರು. ಅಡಿಪೊನೆಕ್ಟಿನ್ ಏರಿತು, ಟೆಸ್ಟೊಸ್ಟೆರಾನ್ ಕೊಟ್ಟರೆ ಇಳಿಯಿತು. ಹೊಸಹಳ್ಳಿಯ ಎತ್ತಿನ ಮೈಯಲ್ಲೂ ಇದೇ ಆಗುತ್ತಿರಬೇಕು, ಅಳೆದವರಿಲ್ಲ ಅಷ್ಟೆ.

ಮನುಷ್ಯರಲ್ಲಿ? 2007ರಲ್ಲಿ ಇಂಗ್ಲೆಂಡಿನ ಹ್ಯೂ ಜೋನ್ಸ್ ತಂಡ ಪ್ರಕಟಿಸಿದ ಪ್ರಯೋಗದಲ್ಲಿ ಇದ್ದವರು ಇಪ್ಪತ್ತೇ ಜನ. ಎಲ್ಲರಿಗೂ ಸಕ್ಕರೆ ಕಾಯಿಲೆ, ಎಲ್ಲರಿಗೂ ಟೆಸ್ಟೊಸ್ಟೆರಾನ್ ಕಡಿಮೆ. ಎರಡು ವಾರಕ್ಕೊಮ್ಮೆ 200 ಮಿಲಿಗ್ರಾಂ ಇಂಜೆಕ್ಷನ್ ಮೂರು ತಿಂಗಳು. ಒಂದು ತಿಂಗಳು ಬಿಡುವು. ಆಮೇಲೆ ಮೂರು ತಿಂಗಳು ಔಷಧವಿಲ್ಲದ ಇಂಜೆಕ್ಷನ್. ಕೆಲವರಿಗೆ ಇದು ತಿರುವುಮುರುವು, ಯಾರಿಗೆ ಯಾವಾಗ ಯಾವುದು ಎಂದು ಚುಚ್ಚಿಸಿಕೊಂಡವರಿಗೂ ಚುಚ್ಚಿದವರಿಗೂ ತಿಳಿಯದು. ಹಾರ್ಮೋನು ಸಿಕ್ಕ ತಿಂಗಳುಗಳಲ್ಲಿ ಲೆಪ್ಟಿನ್ ಮಿಲಿಲೀಟರಿಗೆ ಸುಮಾರು 7 ನ್ಯಾನೊಗ್ರಾಂ ಇಳಿಯಿತು, ಸೊಂಟದ ಸುತ್ತಳತೆಯೂ ಇಳಿಯಿತು. ಅಡಿಪೊನೆಕ್ಟಿನ್ ಕೂಡ ಇಳಿಯಿತು, ಮಿಲಿಲೀಟರಿಗೆ ಸುಮಾರು 2 ಮೈಕ್ರೊಗ್ರಾಂ. ಉರಿಯೂತದ ಗುರುತುಗಳು ಇದ್ದಲ್ಲೇ ಇದ್ದವು.

ಇಲ್ಲಿ ನಿಂತು ಯೋಚಿಸಬೇಕು. ಸೊಂಟ ಕರಗಿದರೆ ಅಡಿಪೊನೆಕ್ಟಿನ್ ಏರಬೇಕು, ಅದು ನಿಯಮ. ಇಲ್ಲಿ ಸೊಂಟವೂ ಇಳಿದು ಅದೂ ಇಳಿದಿದೆ. ಒಳ್ಳೆಯದೆಂದು ಹೆಸರು ಮಾಡಿದ ಹಾರ್ಮೋನನ್ನೇ ಟೆಸ್ಟೊಸ್ಟೆರಾನ್ ತುಳಿಯುತ್ತದೆ, ಆದರೂ ಇನ್ಸುಲಿನ್ ಕೆಲಸ ಸುಧಾರಿಸುತ್ತದೆ. ಅಮೆರಿಕದ ಬಫಲೊ ಊರಿನ ಪರೇಶ್ ದಂಡೋನಾ, ಸಂದೀಪ್ ಧಿಂಡ್ಸಾ ತಂಡ 2016ರಲ್ಲಿ ಇದನ್ನು ಇನ್ನೂ ಕೂಲಂಕಷವಾಗಿ ಅಳೆಯಿತು. 24 ವಾರ ಇಂಜೆಕ್ಷನ್ ಕೊಟ್ಟ ಮೇಲೆ ಕೊಬ್ಬು 3.3 ಕಿಲೊ ಕಮ್ಮಿ, ಕೊಬ್ಬಿಲ್ಲದ ಮೈಭಾರ 3.4 ಕಿಲೊ ಜಾಸ್ತಿ. ಮನೆಯ ತಕ್ಕಡಿ ಮೇಲೆ ನಿಂತರೆ ಏನೂ ಆಗಿಲ್ಲ ಎಂದೇ ತೋರುತ್ತದೆ! ಒಳಗೆ ಏಳು ಕಿಲೊ ಸರಕಿನ ಅದಲುಬದಲು ನಡೆದಿದೆ, ಇನ್ಸುಲಿನ್ನಿಗೆ ಮೈ ಓಗೊಡುವುದು ನೂರಕ್ಕೆ 32ರಷ್ಟು ಹೆಚ್ಚಿದೆ. ಸ್ನಾಯುವೋ ಕೊಬ್ಬೋ ಎಂದು ಇನ್ನೂ ತೀರ್ಮಾನವಾಗದ ಎಳೆಯ ಕೋಶಗಳನ್ನು ಟೆಸ್ಟೊಸ್ಟೆರಾನ್ ಸ್ನಾಯುವಿನ ಕಡೆಗೆ ತಳ್ಳುತ್ತದೆ ಎಂದು ಶಲೇಂದರ್ ಭಸೀನ್ ಪ್ರಯೋಗಶಾಲೆ 2003ರಲ್ಲೇ ತೋರಿಸಿತ್ತು. ಅಡಿಪೊನೆಕ್ಟಿನ್ ಇಳಿದ ನಷ್ಟವನ್ನು ತುಂಬಿಕೊಡುವುದು ಈ ಸ್ನಾಯುವೇ ಇರಬೇಕು ಎಂದು ನನ್ನ ಎಣಿಕೆ.

ಕೊಬ್ಬು ಸುಮ್ಮನೆ ಹೊಡೆಸಿಕೊಳ್ಳುವ ಆಸಾಮಿಯಲ್ಲ. ಅದರೊಳಗೆ ಅರೊಮಟೇಸ್ ಎಂಬ ಕಿಣ್ವ ಇದೆ, ಟೆಸ್ಟೊಸ್ಟೆರಾನನ್ನು ಹೆಣ್ಣು ಹಾರ್ಮೋನು ಈಸ್ಟ್ರೋಜನ್ ಆಗಿ ಮಾರ್ಪಡಿಸುತ್ತದೆ. ಕೊಬ್ಬು ಹೆಚ್ಚಿದರೆ ಈ ಕಾರ್ಖಾನೆಯೂ ದೊಡ್ಡದು. ಸಾಕಷ್ಟು ಹಾರ್ಮೋನಿದೆ ಎಂದುಕೊಂಡು ಮಿದುಳು ಬೀಜಕ್ಕೆ ಕೊಡುವ ಆಜ್ಞೆಯನ್ನು ತಗ್ಗಿಸುತ್ತದೆ. ಇತ್ತ ಉಕ್ಕಿದ ಲೆಪ್ಟಿನ್ ಬೀಜದ ಕೋಶಗಳನ್ನೇ ಮಂಕಾಗಿಸುತ್ತದೆ. ಟೆಸ್ಟೊಸ್ಟೆರಾನ್ ಇಳಿದರೆ ಕೊಬ್ಬು ಮತ್ತೆ ಹೆಚ್ಚುತ್ತದೆ. ಆದರೆ ಈಸ್ಟ್ರೋಜನ್ನನ್ನು ಖಳನಾಯಕ ಮಾಡಲೂ ಆಗುವುದಿಲ್ಲ. 2013ರಲ್ಲಿ ಬಾಸ್ಟನ್ನಿನ ಜೋಯೆಲ್ ಫಿಂಕೆಲ್‌ಸ್ಟೀನ್ ಸುಮಾರು 400 ಆರೋಗ್ಯವಂತ ಗಂಡಸರ ಸ್ವಂತ ಹಾರ್ಮೋನನ್ನು ಔಷಧದಿಂದ ನಿಲ್ಲಿಸಿ, ಅಳತೆ ಪ್ರಕಾರ ಟೆಸ್ಟೊಸ್ಟೆರಾನ್ ಕೊಟ್ಟು, ಅರ್ಧ ಜನಕ್ಕೆ ಅರೊಮಟೇಸನ್ನೂ ತಡೆದು 16 ವಾರ ನೋಡಿದರು. ಕೊಬ್ಬು ಏರಲು ಮುಖ್ಯ ಕಾರಣವಾಗಿ ಕಂಡದ್ದು ಈಸ್ಟ್ರೋಜನ್ ಕೊರತೆ! ಗಂಡಸು ತೆಳ್ಳಗಿರಲು ಅವನ ಟೆಸ್ಟೊಸ್ಟೆರಾನಿನ ಒಂದಿಷ್ಟು ಪಾಲು ಹೆಣ್ಣು ಹಾರ್ಮೋನಾಗಲೇಬೇಕು.

ನಮ್ಮ ಕಡೆ ಇದಕ್ಕೊಂದು ಬೇರೆ ತೊಡಕಿದೆ. 2004ರ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಜಾನ್ ಯುಡ್ಕಿನ್ ಪಕ್ಕಪಕ್ಕ ನಿಂತ ಫೋಟೊ ಅಚ್ಚಾಯಿತು. ಎತ್ತರಕ್ಕೆ ತಕ್ಕ ತೂಕದ ಸೂಚಿ ಇಬ್ಬರದೂ 22.3. ಮೈಯ ಕೊಬ್ಬು ಯುಡ್ಕಿನ್‌ಗೆ ಶೇಕಡಾ 9.1, ಯಾಜ್ಞಿಕ್‌ಗೆ 21.2. ಇಬ್ಬರೂ 65 ಕಿಲೊ ಇದ್ದಾರೆಂದು ಲೆಕ್ಕಕ್ಕೆ ಹಿಡಿದರೆ ನಮ್ಮವನ ಅಂಗಿಯೊಳಗೆ ಎಂಟು ಕಿಲೊ ಕೊಬ್ಬು ಹೆಚ್ಚು. ಇದರ ಬೇರು ಹುಟ್ಟುವಾಗಲೇ ಇದೆಯೇ? ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ, ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆಯಲ್ಲಿ, 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟ ದಪ್ಪ ಪುಸ್ತಕಗಳಿದ್ದವು. ಆ ಪುಸ್ತಕಗಳನ್ನು ಹಿಡಿದು 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ 517 ಜನರನ್ನು ಹುಡುಕಿ ಪರೀಕ್ಷಿಸಿದಾಗ, ಎರಡೂವರೆ ಕಿಲೊಗಿಂತ ಮೇಲೇಳದೆ ಹುಟ್ಟಿದವರಲ್ಲಿ ನೂರಕ್ಕೆ 11 ಜನಕ್ಕೆ ಹೃದಯದ ಕಾಯಿಲೆ ಇತ್ತು. 3.1 ಕಿಲೊ ಮತ್ತು ಹೆಚ್ಚು ತೂಕದಲ್ಲಿ ಹುಟ್ಟಿದವರಲ್ಲಿ ನೂರಕ್ಕೆ 3. ಪುಣೆಯ ಕೂಸುಗಳು ಲಂಡನ್ನಿನ ಕೂಸುಗಳಿಗಿಂತ ಸುಮಾರು 670 ಗ್ರಾಂ ಹಗುರ, ಆದರೆ ಹೊಕ್ಕುಳಬಳ್ಳಿಯ ರಕ್ತದಲ್ಲಿ ಲೆಪ್ಟಿನ್ ಹೆಚ್ಚುಕಡಿಮೆ ಸಮ. ಕಡ್ಡಿಯಂಥ ಕೈಕಾಲು, ನಡುವೆ ಗಡಿಗೆ ಹೊಟ್ಟೆ ಅನ್ನುವ ನಮ್ಮ ನಡುವಯಸ್ಸಿನ ಗಂಡಸಿನ ಮೈಕಟ್ಟಿಗೆ ತೊಟ್ಟಿಲಲ್ಲೇ ನಾಂದಿ.

2023ರಲ್ಲಿ ಹೊರಬಂದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆ 1,13,043 ಜನರನ್ನು ನೋಡಿ, ದೇಶದಲ್ಲಿ 10 ಕೋಟಿಗೂ ಹೆಚ್ಚು ಜನಕ್ಕೆ ಸಕ್ಕರೆ ಕಾಯಿಲೆ, ನೂರಕ್ಕೆ 39.5 ಜನಕ್ಕೆ ಹೊಟ್ಟೆ ಬೊಜ್ಜು ಎಂದಿತು. ಬಫಲೊ ತಂಡ 2004ರಲ್ಲಿ ಅಲ್ಲಿನ 103 ಸಕ್ಕರೆ ರೋಗಿಗಳನ್ನು ನೋಡಿದಾಗ ಮೂರರಲ್ಲಿ ಒಬ್ಬನ ಟೆಸ್ಟೊಸ್ಟೆರಾನ್ ಕಡಿಮೆಯಿತ್ತು. ಅದನ್ನೇ ತಂದು ನಮ್ಮ ಕೋಟಿಗಳಿಗೆ ಗುಣಿಸುವುದು ಸರಿಯಲ್ಲ. ಅದರ ಅರ್ಧಕ್ಕೆ ಅರ್ಧ ಎಂದರೂ ಹತ್ತಾರು ಲಕ್ಷ ಗಂಡಸರ ಮಾತು ಇದು.

ಹೊಸಹಳ್ಳಿಯ ಒಬ್ಬ ನಲವತ್ತೈದರ ಗೃಹಸ್ಥನನ್ನು ಊಹಿಸಿಕೊಳ್ಳಿ. ಸುಸ್ತು, ಹೊಟ್ಟೆ, ಜೊತೆಗೆ ಮನೆಯಲ್ಲಿ ಹೇಳಿಕೊಳ್ಳಲಾಗದ ಇನ್ನೊಂದು ಚಿಂತೆ. ಬೆಳಿಗ್ಗೆ ಒಗ್ಗರಣೆ ಮಂಡಕ್ಕಿ, ನಾಲ್ಕು ಮಿರ್ಚಿ, ಸಕ್ಕರೆ ಜಾಸ್ತಿ ಹಾಕಿಸಿದ ಎರಡು ಚಹಾ ಮುಗಿಸಿ, ಬಸ್ ಹಿಡಿದು ಹೊಸಪೇಟೆಯ ಲ್ಯಾಬಿಗೆ ಹೋಗಿ ಮಧ್ಯಾಹ್ನದ ಹೊತ್ತಿಗೆ ರಕ್ತ ಕೊಡುತ್ತಾನೆ. ಬರೀ 75 ಗ್ರಾಂ ಗ್ಲೂಕೋಸ್ ಕುಡಿದರೆ ಟೆಸ್ಟೊಸ್ಟೆರಾನ್ ಕಾಲುಭಾಗ ಬಿದ್ದುಹೋಗುತ್ತದೆ ಎಂದು 2013ರಲ್ಲಿ 74 ಗಂಡಸರಲ್ಲಿ ಅಳೆದು ತೋರಿಸಿದ್ದಾರೆ. ಅದೂ ಅಲ್ಲದೆ ಹಾರ್ಮೋನು ತುದಿಯಲ್ಲಿರುವುದು ಬೆಳಗಿನ ಜಾವದ ಆಸುಪಾಸು, ಹೊತ್ತೇರಿದಂತೆ ಇಳಿಯುತ್ತದೆ. ಖಾಲಿ ಹೊಟ್ಟೆಯಲ್ಲಿ, ಬೆಳಿಗ್ಗೆಯೇ, ಬೇರೆಬೇರೆ ದಿನ ಎರಡು ಸಲ ನೋಡಬೇಕೆಂಬ ನಿಯಮ ಇರುವುದು ಅದಕ್ಕೇ. ಇವನ ವರದಿಯಲ್ಲಿ 200 ಎಂದು ದಪ್ಪಕ್ಷರದಲ್ಲಿ ಅಚ್ಚಾಗಿ ಬಂತೆನ್ನಿ. 500ಕ್ಕೂ 200ಕ್ಕೂ ನಡುವಿನ ಅಂತರ ಇಡೀ ರಕ್ತದಲ್ಲಿ 9 ಮೈಕ್ರೊಗ್ರಾಂ. ಮೈಯಲ್ಲಿರುವ 20 ಕಿಲೊ ಕೊಬ್ಬು ಅದರ 220 ಕೋಟಿ ಪಟ್ಟು ಭಾರ.

ಆ 9 ಮೈಕ್ರೊಗ್ರಾಂ ತುಂಬಿಸಲು ಎರಡು ದಾರಿ. ಒಂದು ಇಂಜೆಕ್ಷನ್ನು. ಆಸ್ಟ್ರೇಲಿಯಾದಲ್ಲಿ ಸೊಂಟ 95 ಸೆಂಟಿಮೀಟರಿಗೆ ಕಡಿಮೆಯಿಲ್ಲದ 1,007 ಗಂಡಸರಿಗೆ ಎರಡು ವರ್ಷ ಊಟ, ವ್ಯಾಯಾಮದ ಕಾರ್ಯಕ್ರಮ ಕೊಟ್ಟು, ಅರ್ಧ ಜನಕ್ಕೆ ಮೂರು ತಿಂಗಳಿಗೊಮ್ಮೆ 1,000 ಮಿಲಿಗ್ರಾಂ ಟೆಸ್ಟೊಸ್ಟೆರಾನನ್ನೂ ಕೊಟ್ಟರು. 2021ರ ಫಲಿತಾಂಶ: ಎರಡು ವರ್ಷದ ಕೊನೆಗೆ ಸಕ್ಕರೆ ಕಾಯಿಲೆ ಇದ್ದವರು ಹಾರ್ಮೋನು ಸಿಗದವರಲ್ಲಿ ನೂರಕ್ಕೆ 21, ಸಿಕ್ಕವರಲ್ಲಿ 12. ಆದರೆ ಹಾರ್ಮೋನು ಪಡೆದ ಐವರಲ್ಲಿ ಒಬ್ಬನಿಗೆ ರಕ್ತ ಮಂದವಾಗಿ ಕೆಂಪು ಕಣ ಮಿತಿ ದಾಟಿತು. 2023ರಲ್ಲಿ ಐದು ಸಾವಿರಕ್ಕೂ ಹೆಚ್ಚು ಜನರ ಮೇಲಿನ ಅಮೆರಿಕದ ಪ್ರಯೋಗ ಹೃದಯಾಘಾತ, ಲಕ್ವದ ಮಟ್ಟಿಗೆ ಸಮಾಧಾನ ಕೊಟ್ಟಿತು. ಎದೆಬಡಿತ ತಾಳ ತಪ್ಪುವುದು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು ಹಾರ್ಮೋನು ಪಡೆದವರಲ್ಲೇ ಹೆಚ್ಚು ಕಂಡಿತು. ಮಕ್ಕಳು ಬೇಕೆನ್ನುವವರು ಇನ್ನೊಂದು ತಿಳಿದಿರಬೇಕು. ಹೊರಗಿನಿಂದ ಹಾರ್ಮೋನು ಬಂದರೆ ಬೀಜ ವೀರ್ಯಾಣು ಮಾಡುವುದನ್ನೇ ಕೈಬಿಡುತ್ತದೆ. 1990ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 200 ಮಿಲಿಗ್ರಾಂ ಟೆಸ್ಟೊಸ್ಟೆರಾನನ್ನು 271 ಗಂಡಸರಿಗೆ ಕೊಟ್ಟು ಪರೀಕ್ಷಿಸಿದ್ದು ಸಂತಾನ ನಿರೋಧಕವಾಗಿ, 157 ಜನರಲ್ಲಿ ವೀರ್ಯಾಣು ಸೊನ್ನೆಗೆ ಇಳಿಯಿತು. ಗಂಡಸುತನ ಹೆಚ್ಚಿಸುವ ಮದ್ದೆಂದು ಚುಚ್ಚಿಸಿಕೊಳ್ಳುವ ಜಿಮ್ ಹುಡುಗರಿಗೆ ಇದನ್ನು ಯಾರು ಹೇಳಬೇಕೋ.

ಎರಡನೆಯದು ಕೊಬ್ಬನ್ನೇ ಇಳಿಸುವುದು. ಹಲವು ಅಧ್ಯಯನಗಳನ್ನು ಕೂಡಿಸಿ ಇಟಲಿಯ ಜೊವಾನಿ ಕರೋನಾ 2013ರಲ್ಲಿ ಕೊಟ್ಟ ಲೆಕ್ಕದಲ್ಲಿ, ಊಟದ ಪಥ್ಯದಿಂದ ತೂಕ ಇಳಿಸಿದವರಲ್ಲಿ ಟೆಸ್ಟೊಸ್ಟೆರಾನ್ ಡೆಸಿಲೀಟರಿಗೆ ಸರಾಸರಿ 80 ನ್ಯಾನೊಗ್ರಾಂ ಚಿಲ್ಲರೆ ಏರಿತ್ತು, ಹೊಟ್ಟೆಯ ಆಪರೇಷನ್ ಮಾಡಿಸಿ ಇಳಿಸಿದವರಲ್ಲಿ 250. ಅಂದರೆ ಹಾರ್ಮೋನಿನ ಸೂಜಿಯಿಲ್ಲದೆ, ಆಪರೇಷನ್ ಒಂದರಿಂದಲೇ 200 ಇದ್ದವನು 450ಕ್ಕೆ.

ಎರಡೂ ದಾರಿಯಲ್ಲಿ ಟೆಸ್ಟೊಸ್ಟೆರಾನ್ ಏರುತ್ತದೆ, ಲೆಪ್ಟಿನ್ ಇಳಿಯುತ್ತದೆ. ಅಡಿಪೊನೆಕ್ಟಿನ್ನಿನ ಹತ್ತಿರ ಬಂದಾಗ ದಾರಿ ಕವಲೊಡೆಯುತ್ತದೆ. ಸೂಜಿಯ ದಾರಿಯಲ್ಲಿ ಅದು ತಗ್ಗುತ್ತದೆ, ತೂಕ ಇಳಿಸಿದ ದಾರಿಯಲ್ಲಿ ಏರುತ್ತದೆ. ಅಡಿಪೊನೆಕ್ಟಿನ್ ರಕ್ತದಲ್ಲಿ ಮೂರು, ಆರು, ಇನ್ನೂ ಹೆಚ್ಚು ಅಣುಗಳ ಗೊಂಚಲಾಗಿ ಓಡಾಡುತ್ತದೆ. ಟೆಸ್ಟೊಸ್ಟೆರಾನ್ ತಡೆಯುವುದು ಎಲ್ಲವನ್ನೂ ಅಲ್ಲ, ಬಹಳ ದೊಡ್ಡ ಗೊಂಚಲುಗಳು ಕೊಬ್ಬಿನ ಕೋಶದಿಂದ ಹೊರಬರುವುದನ್ನು ಮಾತ್ರ ಎಂದು 2005ರಲ್ಲಿ ಗೊತ್ತಾಯಿತು. ಇನ್ಸುಲಿನ್ನಿಗೆ ಹೆಚ್ಚು ನೆರವಾಗುವುದೆಂದು ಹೇಳುವುದು ಆ ದೊಡ್ಡ ಗೊಂಚಲನ್ನೇ. ಹಾಗಾಗಿ ಸೂಜಿಯಿಂದ 450ಕ್ಕೆ ಬಂದವನ ರಕ್ತವೂ ತೂಕ ಇಳಿಸಿ 450ಕ್ಕೆ ಬಂದವನ ರಕ್ತವೂ ಒಂದೇ ಅಲ್ಲ. ಹೊಸಪೇಟೆಯ ಲ್ಯಾಬು ಇಬ್ಬರಿಗೂ ಕೊಡುವ ಹಾಳೆಯಲ್ಲಿ ಇರುವುದು 450 ಅನ್ನುವ ಒಂದೇ ಅಂಕಿ.